ದುಡ್ಡಿಗೂ ವಾಕ್ ಸ್ವಾತಂತ್ರ್ಯ?

ಅಮೆರಿಕದ ಬಕ್ಲಿ ತೀರ್ಪಿನ ಬಗ್ಗೆ ಓದಿದಾಗಿನಿಂದ ತಲಿಯೊಳಗ ಅದೇ ಸುತ್ತತಾ ಐತಿ. 1976ರಾಗ ಅಲ್ಲಿನ ಸುಪ್ರೀಂ ಕೋರ್ಟ್ ಚುನಾವಣಾ ದೇಣಿಗೆಗೆ ಮಿತಿ ಇರಲಿ ಅಂತು. ಆದ್ರ ಮಾತು ಜನಕ್ಕ ಮುಟ್ಟಾಕ ದುಡ್ಡು ಬೇಕು, ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿದ್ರ ವಾಕ್ ಸ್ವಾತಂತ್ರ್ಯಕ್ಕ ಧಕ್ಕೆ ಅಂತ ಆ ಮಿತಿನ ರದ್ದು ಮಾಡಿತು. 2010ರಾಗ ಕಂಪನಿಗಳು ಸ್ವತಂತ್ರವಾಗಿ ಪ್ರಚಾರಕ್ಕ ಸುರಿಯೋ ದುಡ್ಡಿಗೂ ಅದೇ ರಕ್ಷಣೆ ಸಿಕ್ಕಿತು.

ನನಗಂತೂ ಇದು ಒಪ್ಪಿಗಿಲ್ಲ. ಕಳೆದ ಚುನಾವಣೆಯೊಳಗ ವಿಜಯಪುರದಾಗ ನಮ್ಮ ಓಣಿಗೆ ಪಕ್ಷೇತರರೊಬ್ಬರು ಟಂಟಂಗೆ ಒಂದು ಸ್ಪೀಕರ್ ಕಟ್ಟಿಕೊಂಡು ಬಂದಿದ್ರು. ಕುಡಿಯೋ ನೀರಿನ ಮಾತು ಶುರು ಮಾಡಿದ್ರು, ಅಷ್ಟರಾಗ ಹಿಂದಿಂದ ದೊಡ್ಡ ಪಕ್ಷದ ಡಿಜೆ ಗಾಡಿ ಬಂತು. ಕಿಟಕಿ ಗಾಜು ನಡುಗಿದವು. ಅವರ ತುಟಿ ಅಲುಗೋದಷ್ಟೇ ಕಾಣತಿತ್ತು. ಬಾಜೂ ಮನಿ ಕಾಕಾ, "ಪಾಪ, ಏನ್ ಹೇಳಾಕತ್ತಾರ್ರೀ ಅವ್ರು?" ಅಂತ ಕೇಳಿದ್ರು. ಯಾರಿಗೂ ಗೊತ್ತಾಗಲಿಲ್ಲ.

ನಮ್ಮಲ್ಲಿ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಮಿತಿ ಐತಿ. ಪಕ್ಷಕ್ಕ ಮಿತಿನೇ ಇಲ್ಲ! 2024ರ ಫೆಬ್ರುವರಿ 15ರಂದು ನಮ್ಮ ಸುಪ್ರೀಂ ಕೋರ್ಟ್ ಹೆಸರು ಹೊರಗ ಬರದಂಗ ಪಕ್ಷಕ್ಕ ದೇಣಿಗೆ ಕೊಡೋ ಚುನಾವಣಾ ಬಾಂಡ್ ರದ್ದು ಮಾಡಿದ್ದು ಅದೇ ವಾಕ್ ಸ್ವಾತಂತ್ರ್ಯದ, ಸಂವಿಧಾನದ 19(1)(ಎ) ವಿಧಿ ಹಿಡಿದು: ಯಾರ ದುಡ್ಡು ಯಾವ ಪಕ್ಷಕ್ಕ ಹೋಗತದ ಅಂತ ತಿಳಿಯೋ ಹಕ್ಕು ಮತದಾರಗ ಐತಿ ಅಂತ. ಓದಿ ಭಾಳ ಖುಷಿ ಆತು. ಇನ್ನ ಪಕ್ಷದ ಖರ್ಚಿಗೂ ಒಂದು ಮಿತಿ ಬರಬೇಕು.