ಕಲಾದಗಿ ರಸ್ತೆಯಲ್ಲಿ ಅರಬ್ಬಿ ಸಮುದ್ರದ ತಳ

ಲೋಕಾಪುರದಿಂದ ಕಲಾದಗಿ ದಾಟಿ ಬಾಗಲಕೋಟೆಗೆ ಹೋಗುವ ರಸ್ತೆಯನ್ನು ನೋಡಲೆಂದು ಯಾರೂ ಪ್ರವಾಸ ಹೊರಡುವುದಿಲ್ಲ. ಬಾದಾಮಿ, ಪಟ್ಟದಕಲ್ಲು ಮುಟ್ಟುವ ಅವಸರದಲ್ಲಿ ದಾಟಿ ಹೋಗುವ ರಸ್ತೆ ಅದು. ನಾನೂ ಕಾಕಾನೂ ಬೆಳಗಾವಿಯಿಂದ ಹೊರಟಿದ್ದು ಬಾದಾಮಿಗೇ. ಆದರೆ ಈಗ ಬರೆಯಲು ಕೂತಾಗ ಮನಸ್ಸು ಗುಹೆಗಳ ಕಡೆ ಹೋಗುತ್ತಲೇ ಇಲ್ಲ. ಕಲಾದಗಿಯ ಹತ್ತಿರ ರಸ್ತೆ ಬದಿಯಲ್ಲಿ ನಡೆದ ಒಂದು ಮಾತುಕತೆ ತಲೆಯಲ್ಲಿ ಕೂತುಬಿಟ್ಟಿದೆ.

ದಾರಿಯಲ್ಲಿ ಗೋಕಾಕ್ ಜಲಪಾತಕ್ಕೆ ಹೋಗಿದ್ದೆವು. ಘಟಪ್ರಭಾ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆಗಾಲದಲ್ಲಿ ಹೋದವರು ಕೆಂಪು ನೀರಿನ ಅಬ್ಬರವನ್ನು ಹೊಗಳುತ್ತಾರೆ. ನನಗೆ ನೀರು ಕಡಿಮೆ ಇರುವ ಗೋಕಾಕೇ ಇಷ್ಟ. ಆಗ ಬಂಡೆ ಕಾಣುತ್ತದೆ. ಪದರದ ಮೇಲೆ ಪದರ, ಗಟ್ಟಿ ಮರಳುಗಲ್ಲು. ಕಲಾದಗಿ ಬಂಡೆಗಳು ಅಂತ ಭೂವಿಜ್ಞಾನದವರು ಹೆಸರಿಟ್ಟಿರುವುದು ಇವಕ್ಕೇ. ಅವುಗಳ ಹಳೆಯ ಪದರಗಳಿಗೆ ನೂರು ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಕರದಂಟು ಕಟ್ಟಿಸಿಕೊಂಡು ಹೊರಟೆವು.

ಕಬ್ಬಿನ ಹಂಗಾಮು. ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು. ಕಲಾದಗಿಯಲ್ಲಿ ಚಿಕ್ಕು ತಗೊಳ್ಳದೆ ಮುಂದೆ ಹೋಗುವುದು ತಪ್ಪು ಅನ್ನುವುದು ಕಾಕಾನ ಅಭಿಪ್ರಾಯ. ಅದು ಸರಿಯೂ ಹೌದು. ಅಂಥ ಚಿಕ್ಕು ಬೆಳಗಾವಿ ಪೇಟೆಯಲ್ಲಿ ಸಿಗುವುದಿಲ್ಲ. ಗಾಡಿ ನಿಲ್ಲಿಸಿ ಹಣ್ಣು ಆರಿಸುವಾಗ, ಸ್ವಲ್ಪ ದೂರದಲ್ಲಿ ಒಂದು ಜೀಪು ಕಂಡಿತು. ಪಕ್ಕದಲ್ಲಿ ಇಬ್ಬರು ಹುಡುಗರು, ಒಬ್ಬ ಹಿರಿಯ ಮಹಿಳೆ. ನೆಲದ ಮೇಲೆ ಗಿಡ್ಡ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೊಂದು ಪೆಟ್ಟಿಗೆ. ಮೂವರೂ ಅಲುಗಾಡದೆ ನಿಂತಿದ್ದರು. ಒಂದು ಟ್ರ್ಯಾಕ್ಟರ್ ಹೋಯಿತು. ಹುಡುಗನೊಬ್ಬ ತಲೆ ಅಲ್ಲಾಡಿಸಿ, ಮತ್ತೆ ಬಟನ್ ಒತ್ತಿದ.

ಕಾಕಾ ರೈತ. ಹೊಲದಲ್ಲಿ ಎರಡು ಬೋರ್ ಒಣಗಿವೆ. ನೆಟ್ಟಗೆ ಹೋಗಿ ಕೇಳಿದರು.

"ಏನ್ರಿ ಮೇಡಂ, ಬೋರ್ ಹೊಡಿಯೋ ಪಾಯಿಂಟ್ ನೋಡಾಕತ್ತೀರೇನು?"

"ಇಲ್ರಿ ಕಾಕಾರ. ಇದು ನೀರು ತೋರಿಸೋ ಮಷೀನ್ ಅಲ್ರಿ. ಭೂಮಿ ಇಲ್ಲಿ ಎಷ್ಟು ಜೋರಾಗಿ ಎಳಿತೈತಿ ಅನ್ನೋದನ್ನ ಅಳಿತೈತಿ."

"ಎಲ್ಲಾ ಕಡೆ ಒಂದೇ ಸಮ ಎಳಿಯೂದಿಲ್ಲೇನು?"

"ಇಲ್ರಿ. ಕೆಳಗ ಭಾರದ ಕಲ್ಲಿದ್ರ ಒಂಚೂರು ಜಾಸ್ತಿ, ಹಗುರ ಕಲ್ಲಿದ್ರ ಒಂಚೂರು ಕಡಿಮಿ."

ಅವರ ಊರು ವಿಜಯಪುರದ ಕಡೆಯದು. ವರ್ಷಗಟ್ಟಲೆ ಹಡಗಿನಲ್ಲಿ ಅರಬ್ಬಿ ಸಮುದ್ರದ ಗುರುತ್ವ ಅಳೆದವರು. ಈಗ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಲಾದಗಿ ಬಂಡೆಗಳು ಎಷ್ಟು ಆಳಕ್ಕಿವೆ, ಉತ್ತರಕ್ಕೆ ಕರಿಕಲ್ಲಿನ ಅಡಿಯಲ್ಲಿ ಎಲ್ಲಿಯವರೆಗೆ ಹೋಗಿವೆ ಅಂತ ನೋಡುತ್ತಿದ್ದರು. ಪೆಟ್ಟಿಗೆಯ ಹೆಸರು ಗ್ರಾವಿಮೀಟರ್. ಒಳಗೆ ಸ್ಫಟಿಕದ ಸಣ್ಣ ಸ್ಪ್ರಿಂಗು, ಅದಕ್ಕೊಂದು ಪುಟ್ಟ ತೂಕ. ಎಳೆತ ಹೆಚ್ಚಾದರೆ ಸ್ಪ್ರಿಂಗ್ ಕೂದಲೆಳೆಗಿಂತ ಎಷ್ಟೋ ಕಡಿಮೆ ಜಗ್ಗುತ್ತದೆ. ಅಷ್ಟನ್ನೂ ಅದು ಹಿಡಿಯುತ್ತದೆ. ಅದಕ್ಕೇ ಟ್ರ್ಯಾಕ್ಟರ್ ಬಂದಾಗಲೆಲ್ಲ ಅವರ ಮುಖ ಸಪ್ಪಗಾಗುತ್ತಿತ್ತು.

ಅಳತೆಯ ಘಟಕ ಮಿಲಿಗಾಲ್. ಈ ಭಾಗದಲ್ಲಿ ಭೂಮಿಯ ಒಟ್ಟು ಎಳೆತ ಸುಮಾರು 9,78,000 ಮಿಲಿಗಾಲ್. ಅವರು ಹುಡುಕುವ ವ್ಯತ್ಯಾಸ ಬರೀ ಹತ್ತಿಪ್ಪತ್ತು ಮಿಲಿಗಾಲ್, ಕೆಲವು ಸಲ ಅದಕ್ಕೂ ಕಡಿಮೆ. ನಿಂತ ಜಾಗದಿಂದ ಒಂದು ಮೀಟರ್ ಮೇಲೆ ಹೋದರೆ ಸಾಕು, ಎಳೆತ ಸುಮಾರು 0.3 ಮಿಲಿಗಾಲ್ ಇಳಿಯುತ್ತದೆ. ಬೆಳಗಾವಿ ಬಾಗಲಕೋಟೆಗಿಂತ 200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಆ ಎತ್ತರವೊಂದಕ್ಕೇ 60 ಮಿಲಿಗಾಲ್ ವ್ಯತ್ಯಾಸ! ಆದ್ದರಿಂದ ಪ್ರತಿ ಜಾಗದ ಎತ್ತರವನ್ನೂ ಜಿಪಿಎಸ್‌ನಿಂದ ಕರಾರುವಾಕ್ಕಾಗಿ ಅಳೆಯುತ್ತಾರೆ. ಸ್ಪ್ರಿಂಗ್ ದಿನವಿಡೀ ನಿಧಾನಕ್ಕೆ ಸಡಿಲವಾಗುತ್ತದೆ. ಹಾಗಾಗಿ ಬೆಳಗ್ಗೆ ಶುರು ಮಾಡಿದ ಜಾಗಕ್ಕೇ ಸಂಜೆ ವಾಪಸ್ ಬಂದು ಮತ್ತೊಮ್ಮೆ ಅಳೆಯಬೇಕು. ಚಂದ್ರ, ಸೂರ್ಯರ ಸೆಳೆತವನ್ನೂ ಲೆಕ್ಕದಿಂದ ಕಳೆಯಬೇಕು.

"ನೆಲದ ಮ್ಯಾಲೆ ಇಷ್ಟು ತ್ರಾಸಾದ್ರ, ಸಮುದ್ರದಾಗ ಹ್ಯಾಂಗ್ರಿ?" ಅಂದರು ಕಾಕಾ.

ಈ ಪ್ರಶ್ನೆಯಿಂದಲೇ ಮಾತು ಬೇರೆ ದಿಕ್ಕಿಗೆ ಹೋಯಿತು. ಹುಡುಗರು ಮುಂದಿನ ಪಾಯಿಂಟಿಗೆ ಹೊರಟರು. ಮೇಡಂ ಬೇವಿನ ಮರದ ಕೆಳಗೆ ನಮ್ಮ ಜೊತೆ ಕೂತರು.

1923ರಲ್ಲಿ ವೆನಿಂಗ್ ಮೈನೆಸ್ ಎಂಬ ಡಚ್ ವಿಜ್ಞಾನಿ ಲೋಲಕಗಳ ಉಪಕರಣ ಹೊತ್ತು ಜಲಾಂತರ್ಗಾಮಿಯಲ್ಲಿ ಹೊರಟರಂತೆ. ಮೇಲೆ ಹಡಗು ಓಲಾಡುತ್ತದೆ, ನೀರಿನ ಆಳದಲ್ಲಿ ಅಷ್ಟು ಓಲಾಟವಿಲ್ಲ. ಈಗ ಹಡಗಿನಲ್ಲೇ ಅಳೆಯುವ ಉಪಕರಣಗಳಿವೆ, ಆದರೆ ಹಡಗು ಯಾವ ದಿಕ್ಕಿಗೆ ಹೋಗುತ್ತಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಆಚೆ 10 ನಾಟ್ ವೇಗದಲ್ಲಿ ಪೂರ್ವಕ್ಕೆ ಹೊರಟರೆ ಎಳೆತ ಸುಮಾರು 70 ಮಿಲಿಗಾಲ್ ಕಡಿಮೆ ಕಾಣುತ್ತದೆ. ಪಶ್ಚಿಮಕ್ಕೆ ಹೋದರೆ ಅಷ್ಟೇ ಜಾಸ್ತಿ. ಭೂಮಿ ತಿರುಗುವ ದಿಕ್ಕಿನಲ್ಲೇ ಹೋಗುತ್ತೇವೋ ಎದುರಿಗೋ ಅನ್ನುವುದಷ್ಟೇ ಕಾರಣ. ಕಾಕಾ ಇದನ್ನು ಇನ್ನೊಮ್ಮೆ ಹೇಳಿಸಿದರು.

ಹಡಗೇ ಬೇಡದ ದಾರಿಯೂ ಇದೆ. ಸಮುದ್ರದ ಮೇಲ್ಮೈ ಸಮತಟ್ಟಲ್ಲ. ತಳದಲ್ಲಿ 2,000 ಮೀಟರ್ ಎತ್ತರದ ಬೆಟ್ಟವಿದ್ದರೆ, ಅದರ ಎಳೆತಕ್ಕೆ ನೀರು ಸುತ್ತಲಿಂದ ಬಂದು ಸೇರಿ ಮೇಲ್ಮೈ ಸುಮಾರು ಎರಡು ಮೀಟರ್ ಉಬ್ಬುತ್ತದೆ. ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿದ ಉಬ್ಬು ಅದು, ದೋಣಿಯಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಉಪಗ್ರಹದ ರಾಡಾರಿಗೆ ಗೊತ್ತಾಗುತ್ತದೆ. ಅಮೆರಿಕದ ನೌಕಾಪಡೆಯ ಜಿಯೋಸ್ಯಾಟ್ ಉಪಗ್ರಹ ಹೀಗೆ ಅಳೆದ ಮಾಹಿತಿಯನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2014ರಲ್ಲಿ ಡೇವಿಡ್ ಸ್ಯಾಂಡ್‌ವೆಲ್ ಮತ್ತು ಅವರ ಜೊತೆಗಾರರು ಕ್ರಯೋಸ್ಯಾಟ್-2, ಜೇಸನ್-1 ಉಪಗ್ರಹಗಳ ಅಳತೆ ಸೇರಿಸಿ ಹೊಸ ನಕ್ಷೆ ಮಾಡಿದರು. ಮೆಕ್ಸಿಕೋ ಕೊಲ್ಲಿಯಲ್ಲಿ ದಪ್ಪ ಹೂಳಿನಡಿ ಮುಚ್ಚಿಹೋಗಿದ್ದ, ಡೈನೋಸಾರ್ ಕಾಲದ ಒಂದು ಸತ್ತ ರಿಡ್ಜ್ ಅದರಲ್ಲಿ ಕಾಣಿಸಿತು.

ಸತ್ತ ರಿಡ್ಜ್. ಆ ಮಾತು ಕೇಳಿದಾಗ ನಾನು ಚಿಕ್ಕು ಸುಲಿಯುವುದನ್ನು ನಿಲ್ಲಿಸಿದೆ.

ಸಮುದ್ರದ ನಡುವೆ ಉದ್ದಕ್ಕೂ ಬೆಟ್ಟಸಾಲುಗಳಿವೆ, ರಿಡ್ಜ್ ಅನ್ನುವುದು ಅವಕ್ಕೇ. ಅಲ್ಲಿ ನೆಲ ಬಿರಿಯುತ್ತದೆ, ಕೆಳಗಿಂದ ಕರಗಿದ ಬಂಡೆ ಬಂದು ತುಂಬುತ್ತದೆ, ಎರಡೂ ಕಡೆ ಹೊಸ ನೆಲ ಸರಿಯುತ್ತಾ ಹೋಗುತ್ತದೆ. ಇಷ್ಟು ನಾನೂ ಶಾಲೆಯಲ್ಲಿ ಓದಿದ್ದೇ. ಆ ಸಾಲುಗಳು ಸಾಯುತ್ತವೆ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಭೂಫಲಕಗಳ ಎಳೆದಾಟ ಬದಲಾದರೆ ಬಿರುಕು ಬೇರೆ ಕಡೆ ಹೋಗುತ್ತದೆ, ಹಳೆಯದು ಅಲ್ಲೇ ನಿಂತುಬಿಡುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನಡುವಿನ ಟ್ಯಾಸ್ಮನ್ ಸಮುದ್ರದಲ್ಲಿ ಸುಮಾರು 5.2 ಕೋಟಿ ವರ್ಷಗಳ ಹಿಂದೆ ಹೀಗೆ ನಿಂತಿತು. ಗ್ರೀನ್‌ಲ್ಯಾಂಡ್, ಕೆನಡಾ ನಡುವಿನ ಲ್ಯಾಬ್ರಡಾರ್ ಸಮುದ್ರದಲ್ಲೂ ಒಂದು ಮಲಗಿದೆ.

"ಸತ್ತಿದ್ದನ್ನ ಯಾಕ ಅಳಿಬೇಕ್ರಿ? ಬದುಕಿದ್ದು ಇರ್ತಾವಲ್ಲ," ಅಂದರು ಕಾಕಾ.

ಮೇಡಂ ಉತ್ಸಾಹದಿಂದ ನೆಟ್ಟಗೆ ಕೂತರು. "ಅಲ್ಲೇ ಐತ್ರಿ ವಿಷಯ. ಬದುಕಿರೋ ರಿಡ್ಜ್ ಕೆಳಗ ಬಂಡೆ ಬಿಸಿ ಇರ್ತದ. ಬಿಸಿ ಬಂಡೆ ಉಬ್ಬಿ ಹಗುರ ಆಗ್ತದ, ಎಳೆತ ಕಡಿಮಿ ಆಗ್ತದ. ಕಲ್ಲಿನ ಜಾತಿನೇ ಹಗುರ ಇದ್ರೂ ಕಡಿಮಿ ಆಗ್ತದ. ಎರಡೂ ಕೂಡಿ ಬಂದ್ರ ಯಾವುದು ಎಷ್ಟು ಅಂತ ಹ್ಯಾಂಗ ಹೇಳ್ತೀರಿ? ಒಲಿ ಉರಿಯುವಾಗ ಹಂಚು ಮುಟ್ಟಿ ಪರೀಕ್ಷೆ ಮಾಡಾಕ ಆಗೂದಿಲ್ಲಲ್ರಿ. ಆರಬೇಕು. ಸತ್ತ ರಿಡ್ಜ್ ಕೋಟಿಗಟ್ಟಲೆ ವರ್ಷ ಆರಿರ್ತದ. ಆಮ್ಯಾಲೂ ಗುರುತ್ವ ಕಡಿಮಿ ಬಂತಂದ್ರ, ಅದು ಬಿಸಿಯಿಂದಲ್ಲ, ಕಲ್ಲಿಂದ."

ಮತ್ತು ಕಡಿಮೆ ಬರುತ್ತದೆ. ಸತ್ತ ಸಾಲುಗಳ ನಟ್ಟನಡುವೆ ಗುರುತ್ವ ತಗ್ಗಿರುವುದು ಎಷ್ಟೋ ಕಡೆ ಸಿಕ್ಕಿದೆ, ಲ್ಯಾಬ್ರಡಾರ್‌ನಲ್ಲಂತೂ ಸ್ಪಷ್ಟವಾಗಿ. ಒಂದಿಷ್ಟು ಭಾಗ ನಡುಕಣಿವೆಯಲ್ಲಿ ತುಂಬಿದ ಹೂಳಿನದು. ಅದನ್ನು ಕಳೆದರೂ ತಗ್ಗು ಉಳಿಯುತ್ತದೆ. ಲ್ಯಾಬ್ರಡಾರ್‌ನಲ್ಲಿ ಕಂಪನದ ಅಲೆ ಬಿಟ್ಟು ನೋಡಿದಾಗ ನಡುವೆ ಭೂಕವಚ ತೆಳುವಾಗಿದೆ ಅಂತ ಗೊತ್ತಾಯಿತು. ತೆಳು ಕವಚ ಅಂದರೆ ಅದರ ಕೆಳಗಿನ ಭಾರದ ಪದರ, ಅಂದರೆ ಮ್ಯಾಂಟಲ್ ಬಂಡೆ, ಮೇಲಕ್ಕೆ ಬಂದಿರಬೇಕು, ಗುರುತ್ವ ಹೆಚ್ಚಾಗಬೇಕು. ಆಗಿಲ್ಲ. ರಿಡ್ಜ್ ಸಾಯುವ ಹೊತ್ತಿಗೆ ಕರಗಿದ ಬಂಡೆಯ ಪೂರೈಕೆ ಕಡಿಮೆಯಾಗಿ, ಬಿರುಕುಗಳಲ್ಲಿ ಸಮುದ್ರದ ನೀರು ಇಳಿದು, ಮ್ಯಾಂಟಲ್ ಬಂಡೆಯೇ ನೀರು ಹೀರಿ ಹಗುರವಾಗಿರಬೇಕು ಅನ್ನುವುದು ಒಂದು ವಿವರಣೆ. ಗುರುತ್ವ ಒಂದರಿಂದಲೇ ಇದನ್ನು ತೀರ್ಮಾನಿಸಲು ಬರುವುದಿಲ್ಲ ಅಂತ ಮೇಡಂ ಒತ್ತಿ ಹೇಳಿದರು. ಆಳದಲ್ಲಿರುವ ದೊಡ್ಡ ಹಗುರ ಬಂಡೆಯೂ ಮೇಲಿರುವ ಸಣ್ಣ ಹಗುರ ಬಂಡೆಯೂ ಒಂದೇ ಅಂಕಿ ಕೊಡಬಹುದು. ಇದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಆಮೇಲೆ ಮೊಬೈಲಿನಲ್ಲಿ ನಕ್ಷೆ ತೆಗೆದು ನಮ್ಮದೇ ಸಮುದ್ರ ತೋರಿಸಿದರು. ಮುಂಬೈ, ಗೋವಾದ ಆಚೆ ಸಮುದ್ರತಳದಲ್ಲಿ ಲಕ್ಷ್ಮಿ ಬೇಸಿನ್ ಎಂಬ ತಗ್ಗು. ಅದರ ನಡುವೆ ಒಂದೇ ಸಾಲಿನಲ್ಲಿ ಮೂರು ಮುಳುಗಿದ ಬೆಟ್ಟಗಳು: ರಾಮನ್, ಪಣಿಕ್ಕರ್, ವಾಡಿಯಾ. ಸಿ.ವಿ. ರಾಮನ್ ಹೆಸರಿನ ಬೆಟ್ಟವೊಂದು ಅರಬ್ಬಿ ಸಮುದ್ರದ ತಳದಲ್ಲಿದೆ ಅನ್ನುವುದೇ ನನಗೆ ಹೊಸದು. ಅದೇ ಸಾಲಿನಲ್ಲಿ ಒಂದು ಸತ್ತ ರಿಡ್ಜ್ ಇದೆ ಅಂತ 1994ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ವಾದ ಮುಂದಿಟ್ಟರು. ಅದು ನಿಜವಾಗಿ ಸಾಗರದ ನೆಲವೋ, ಹಿಗ್ಗಿ ತೆಳುವಾದ ಖಂಡದ ನೆಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಪಕ್ಕದ ಲಕ್ಷ್ಮಿ ರಿಡ್ಜ್ ಇನ್ನೂ ವಿಚಿತ್ರ. ಎತ್ತರದ ಬೆಟ್ಟಸಾಲಾದರೂ ಅಲ್ಲಿ ಗುರುತ್ವ ತಗ್ಗಿದೆ. ಅದಕ್ಕೇ ಅದು ಭಾರತದಿಂದ ಮುರಿದ ಖಂಡದ ತುಂಡು ಅಂತ ಹಲವರು ನಂಬುತ್ತಾರೆ.

2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಲಕ್ಷ್ಮಿ ಬೇಸಿನ್‌ನಲ್ಲಿ ತಳ ಕೊರೆಯಿತು. ಸುಮಾರು 3,500 ಮೀಟರ್ ನೀರು, ಅದರ ಕೆಳಗೆ ಸಾವಿರ ಮೀಟರಿಗೂ ಹೆಚ್ಚು ಹೂಳು. ಬಹುಪಾಲು ಸಿಂಧೂ ನದಿ ಹೊತ್ತು ತಂದದ್ದು. ಅದರ ತಳದಲ್ಲಿ ಬಸಾಲ್ಟ್ ಸಿಕ್ಕಿತು.

"ಬಸಾಲ್ಟ್ ಅಂದ್ರ ನಮ್ಮ ಕರಿಕಲ್ಲು ಅಲ್ಲೇನ್ರಿ?" ಕಾಕಾ ಕೇಳಿದರು.

"ಹೌದ್ರಿ. ವಿಜಯಪುರದ್ದು ನೆಲದ ಮ್ಯಾಲೆ ಹರಿದಿದ್ದು, ಅದು ಸಮುದ್ರದ್ದು. ಕಾಲ ಮಾತ್ರ ಆಜುಬಾಜು."

ವಿಜಯಪುರದ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ. ಭಾರತದಿಂದ ಸೇಶೆಲ್ಸ್ ಬೇರೆಯಾಗಿ ಈಗಲೂ ಬದುಕಿರುವ ಕಾರ್ಲ್ಸ್‌ಬರ್ಗ್ ರಿಡ್ಜ್ ಶುರುವಾದದ್ದು ಸುಮಾರು 6.3 ಕೋಟಿ ವರ್ಷಗಳ ಹಿಂದೆ. ಬಿರುಕು ಹಳೆಯ ಜಾಗ ಬಿಟ್ಟು ಹೊಸ ಜಾಗಕ್ಕೆ ಹಾರಿದ್ದೂ ನಮ್ಮ ಎರೆಭೂಮಿಯ ಕಲ್ಲು ಹರಿದದ್ದೂ ಒಂದೇ ಗದ್ದಲದ ಕಾಲ.

ಬಾದಾಮಿ ಮುಟ್ಟಿದಾಗ ಕತ್ತಲಾಗಿತ್ತು. ಮುಂಗಡ ಕಟ್ಟಿದ್ದ ಲಾಡ್ಜಿನವರು ನಮ್ಮ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದರು. "ಲೇಟ್ ಆತಲ್ರಿ" ಅನ್ನುವುದೊಂದೇ ಉತ್ತರ. ದುಡ್ಡೂ ವಾಪಸ್ ಬರಲಿಲ್ಲ. ಎಪ್ಪತ್ತು ದಾಟಿದ ಕಾಕಾನನ್ನು ರಾತ್ರಿ ಬೀದಿ ಬೀದಿ ಸುತ್ತಿಸಬೇಕಾಯಿತು. ಆ ಸಿಟ್ಟು ಇನ್ನೂ ಹೋಗಿಲ್ಲ. ರಜೆಯ ದಿನಗಳಲ್ಲಿ ಬಾದಾಮಿಗೆ ಹೋಗುವವರು ಮಧ್ಯಾಹ್ನವೇ ಫೋನ್ ಮಾಡಿ "ಎಷ್ಟೇ ಹೊತ್ತಾದರೂ ಬರುತ್ತೇವೆ" ಅಂತ ಹೇಳಿ. ಅದನ್ನೇ ಮೆಸೇಜಿನಲ್ಲೂ ಹಾಕಿ, ಉತ್ತರ ಬರೆಸಿಕೊಳ್ಳಿ. ಗುಹೆಗಳ ಹತ್ತಿರ ಕೈಯಲ್ಲಿ ತಿಂಡಿ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ.

578ರಲ್ಲಿ ಮಂಗಳೇಶ ಮಾಡಿಸಿದ ಮೂರನೇ ಗುಹೆ ಎಷ್ಟು ನೋಡಿದರೂ ಸಾಲದು. ಆದರೆ ಫೋಟೋಗೆಂದು ಶಿಲ್ಪಗಳ ಮೇಲೆ ಒರಗುವವರನ್ನು ನೋಡಿ ಸಂಕಟವಾಯಿತು. ಪಟ್ಟದಕಲ್ಲು, ಐಹೊಳೆಯ ಬಗ್ಗೆ ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ಬಾಗಲಕೋಟೆಯ ಒಂದು ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಗುರೆಳ್ಳು ಹಿಂಡಿ ತಿಂದು ವಿಜಯಪುರಕ್ಕೆ ಹೊರಟೆವು.

ಗೋಳಗುಮ್ಮಟದಲ್ಲಿ ಎಲ್ಲರೂ ಪಿಸುಗುಟ್ಟುವ ಗ್ಯಾಲರಿಗೆ ಮೆಟ್ಟಿಲು ಹತ್ತುತ್ತಿದ್ದರು. ಕಾಕಾ ಕೆಳಗೇ ನಿಂತು ಗೋಡೆಯ ಕಪ್ಪು ಕಲ್ಲನ್ನು ಮುಟ್ಟಿ ನೋಡುತ್ತಿದ್ದರು. ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ಹೊತ್ತ ಕಲ್ಲು. ಪಕ್ಕದಲ್ಲಿದ್ದ ಕಾಲೇಜು ಹುಡುಗರಿಗೆ ಅದರ ವಯಸ್ಸು ಹೇಳಿದರು, ಲಕ್ಷ್ಮಿ ಬೇಸಿನ್ ಬಗ್ಗೆಯೂ ಹೇಳಿದರು. ಹುಡುಗರು ಅಲ್ಲೇ ನಿಂತು ಮೊಬೈಲಿನಲ್ಲಿ ರಾಮನ್ ಬೆಟ್ಟ ಹುಡುಕತೊಡಗಿದರು.

ಮೇಡಂ ತಂಡ ಮುಂದೆ ಜಮಖಂಡಿ ಕಡೆ, ಕಲಾದಗಿ ಬಂಡೆಗಳು ಕರಿಕಲ್ಲಿನ ಕೆಳಗೆ ಹೋಗುವ ಭಾಗದಲ್ಲಿ ಅಳೆಯುವುದಿದೆ. ಲೆಕ್ಕವೆಲ್ಲ ಮುಗಿದ ಮೇಲೆ ಗ್ರಾಫ್ ಕಳಿಸುತ್ತೇನೆ ಅಂದಿದ್ದಾರೆ. ಇನ್ನೂ ಬಂದಿಲ್ಲ. ಕಾಕಾ ಫೋನ್ ಮಾಡಿದಾಗೆಲ್ಲ ಮೊದಲು ಕೇಳುವುದು ಅದನ್ನೇ.