ಸೆರಗಿನ ಗಂಟಿನ ರೂಪಾಯಿ

17 ಸೆಪ್ಟೆಂಬರ್ 2024, ಮಂಗಳವಾರ
ಮುದಗಲ್ಲು

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನದ ಧ್ವಜಾರೋಹಣ ಮುಗಿಸಿ ಮನೆಗೆ ಬಂದಾಗ ಅಜ್ಜಿ ಟ್ರಂಕಿನಿಂದ ತನ್ನ ಹಾಲಿ ರೂಪಾಯಿ, ಅಂದರೆ ಆ ಸಂಸ್ಥಾನದ ಹಳೆಯ ನಾಣ್ಯ, ತೆಗೆದುಕೊಂಡು ಕೂತಿದ್ದಳು. ಪ್ರತಿ ವರ್ಷ ಈ ದಿನ ಅದನ್ನು ತೆಗೆಯುತ್ತಾಳೆ. ಒಂದು ಮುಖದಲ್ಲಿ ಚಾರ್‌ಮಿನಾರ್, ಅದರ ನಡುವಿನ ಕಮಾನಿನೊಳಗೆ ನಿಜಾಮ ಉಸ್ಮಾನ್ ಅಲಿ ಖಾನನ ಹೆಸರಿನ ಮೊದಲ ಅಕ್ಷರ. ಅಂಚು ಸವೆದಿದೆ, ಅಕ್ಷರ ಮಾತ್ರ ಇನ್ನೂ ಬೆರಳಿಗೆ ತಾಕುತ್ತದೆ.

1948ರಲ್ಲಿ ಅಜ್ಜಿಗೆ ಒಂಬತ್ತು ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿದ್ದರೂ ನಮ್ಮೂರನ್ನು ಆಳುತ್ತಿದ್ದ ನಿಜಾಮ ಭಾರತದ ಒಕ್ಕೂಟಕ್ಕೆ ಸೇರಿರಲಿಲ್ಲ. ನಿಜಾಮನ ಪರವಾದ ಸಶಸ್ತ್ರ ಪಡೆಯ ರಜಾಕಾರರು ಬರುತ್ತಾರೆಂಬ ಸುದ್ದಿ ಹಬ್ಬಿದ ರಾತ್ರಿ ಮುತ್ತಜ್ಜ ಗಾಡಿ ಹೂಡಿದನಂತೆ. ಸದ್ದಾಗಬಾರದೆಂದು ಎತ್ತುಗಳ ಕೊರಳ ಗೆಜ್ಜೆ ಬಿಚ್ಚಿ ಜೋಳದ ಹಿಟ್ಟಿನ ಚೀಲದೊಳಗೆ ಹುದುಗಿಸಿದ. ಮುತ್ತಜ್ಜಿ ಸೆರಗಿನ ತುದಿಗೆ ಈ ರೂಪಾಯಿ ಕಟ್ಟಿಕೊಂಡಳು. ಹೊರಟದ್ದು ಇಳಕಲ್ಲಿಗೆ. ಅದು ಮುಂಬಯಿ ಪ್ರಾಂತ್ಯ, ಅಲ್ಲಿ ಬ್ರಿಟಿಷ್ ಭಾರತದ ರೂಪಾಯಿ, ಕಲ್ದಾರ, ನಡೆಯುತ್ತಿತ್ತು. “ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಒಂದೇ ರೂಪಾಯಿಯನ್ನು ಹೇಗೆ ಮುರಿಸುವುದು? ಅದಕ್ಕೇ ಉಳಿಯಿತು” ಎನ್ನುತ್ತಾಳೆ.

ಸಂಜೆ ಕೋಟೆಯ ಕಂದಕದ ಪಕ್ಕ ನಡೆಯುವಾಗ ಇದೇ ತಲೆಯಲ್ಲಿತ್ತು. ನಮ್ಮೂರಿನ ಚರಿತ್ರೆ ಎಂದರೆ ಈ ಕೋಟೆ ಯಾರಿಂದ ಯಾರಿಗೆ ಹೋಯಿತು ಎಂಬ ಲೆಕ್ಕ. ವಿಜಯನಗರ, ಬಹಮನಿಗಳು, ಆದಿಲ್‌ಶಾಹಿ. 1520ರ ರಾಯಚೂರು ಕದನದ ನಂತರ ಕೃಷ್ಣದೇವರಾಯ, 1565ರ ನಂತರ ಮತ್ತೆ ಆದಿಲ್‌ಶಾಹಿ, 1686ರಲ್ಲಿ ಬಿಜಾಪುರ ಬಿದ್ದಾಗ ಔರಂಗಜೇಬ, ಆಮೇಲೆ ನಿಜಾಮ. 1853ರಲ್ಲಿ ಸೈನ್ಯದ ಸಾಲಕ್ಕೆ ಬದಲಾಗಿ ನಿಜಾಮ ಕೃಷ್ಣಾ ತುಂಗಭದ್ರೆಗಳ ನಡುವಿನ ಇಡೀ ರಾಯಚೂರು ದೋಆಬನ್ನೇ ಬ್ರಿಟಿಷರಿಗೆ ಒಪ್ಪಿಸಿದ. ಅವರು 1860ರಲ್ಲಿ ಹಿಂದಿರುಗಿಸಿದರು. ಹೊಲ, ಮನೆ, ಜನ ಎಲ್ಲ ಸೇರಿ ಅಡವಿಟ್ಟ ಒಡವೆಯ ಹಾಗೆ ಹೋಗಿ ಬಂದೆವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನನಗೆ ಬೇಕಾದದ್ದು ಬೇರೆ ಲೆಕ್ಕ: ಊರಿನವರು ಎಷ್ಟು ಸಲ ಗಂಟು ಕಟ್ಟಿದರು? ಅದರ ಒಂದು ಸುಳಿವು ಆದಿಲ್‌ಶಾಹಿ ಕಾಲದ ಇತಿಹಾಸಕಾರ ಫೆರಿಷ್ತಾನ ಬರಹದಲ್ಲಿದೆ. ಮುದಗಲ್ಲಿನ ಅಕ್ಕಸಾಲಿಗನ ಮಗಳನ್ನು ಬಯಸಿ ವಿಜಯನಗರದ ದೇವರಾಯ ಸೈನ್ಯ ಕಳಿಸಿದ, ಆಕೆ ಒಪ್ಪಿರಲಿಲ್ಲ. ಸೈನ್ಯ ಬರುವಷ್ಟರಲ್ಲಿ ಅವಳ ಮನೆಯವರೂ ಊರವರೂ ಊರು ಬಿಟ್ಟಿದ್ದರು. 1406ರ ಯುದ್ಧಕ್ಕೆ ಕಾರಣ ಇದೇ ಎನ್ನುತ್ತಾನೆ ಆತ. ಯುದ್ಧ ಯಾರು ಗೆದ್ದರು ಎಂಬುದಕ್ಕಿಂತ ಆ ಹುಡುಗಿ ಯಾವ ದಾರಿ ಹಿಡಿದಳು ಎಂಬುದೇ ನನಗೆ ಕಾಡುತ್ತದೆ. ಅವಳ ಸೆರಗಿನಲ್ಲೂ ಒಂದು ನಾಣ್ಯ ಇದ್ದಿರಬಹುದು.

ರಾತ್ರಿ ಊಟಕ್ಕೆ ಕೂತಾಗ, ಮರಳಿ ಬಂದದ್ದು ಯಾವಾಗ ಎಂದು ಅಜ್ಜಿಯನ್ನು ಕೇಳಿದೆ. ಮಹಾನವಮಿಯ ಹೊತ್ತಿಗಂತೆ. ಮಾಳಿಗೆ ಸೋರಿ ಒಲೆಯ ಮೇಲೆ ಹುಲ್ಲು ಬೆಳೆದಿತ್ತು. ಊರಿನ ಹೊರಗೇ ಮುತ್ತಜ್ಜ ಗಾಡಿ ನಿಲ್ಲಿಸಿ, ಹಿಟ್ಟು ಕೊಡವಿ, ಎತ್ತುಗಳಿಗೆ ಗೆಜ್ಜೆ ಕಟ್ಟಿದನಂತೆ.