ನೆಟ್ಟಗೆ ನಿಂತ ಪ್ಲೇಟಿನೊಳಗೆ ಏನುಂಟು?

ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ಯಾವ ಫ್ಯಾಬ್ರಿಕೇಶನ್ ಶೆಡ್ಡಿಗೆ ಬೇಕಾದರೂ ಹೋಗಿ ನೋಡಿ. ಮಲಗಿಸಿದ ಪ್ಲೇಟಿನ ಮೇಲೆ ಇನ್ನೊಂದನ್ನು ನಿಲ್ಲಿಸಿ ಒಂದೇ ಬದಿಗೆ ವೆಲ್ಡ್ ಹೊಡೆದರೆ, ತಣಿಯುವಾಗ ನಿಂತ ಪ್ಲೇಟು ವೆಲ್ಡ್ ಕಡೆಗೇ ವಾಲುತ್ತದೆ. ಅದಕ್ಕೇ ಮೊದಲೇ ಟ್ಯಾಕ್ (ಅಲ್ಲಲ್ಲಿ ಚಿಕ್ಕ ವೆಲ್ಡ್ ಚುಕ್ಕೆ) ಹಾಕಿ, ಸಪೋರ್ಟ್ ಕೊಟ್ಟು, ಕ್ಲಾಂಪ್ ಬಿಗಿದು ಕೆಲಸ ಮಾಡುತ್ತಾರೆ. ಪ್ಲೇಟು ನೆಟ್ಟಗೆ ನಿಂತರೆ ಎಲ್ಲರಿಗೂ ಖುಷಿ. ನನಗೆ ಜಾಸ್ತಿ ಚಿಂತೆ ಆ ನೆಟ್ಟಗಿನ ಪ್ಲೇಟಿನದ್ದೇ.

ಕರಗಿದ ಉಕ್ಕು ಸುಮಾರು 1500 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಅಲ್ಲಿಂದ ತಣಿಯುತ್ತಾ ಕುಗ್ಗಬೇಕು, ಪಕ್ಕದ ತಣ್ಣನೆ ಲೋಹ ಬಿಡುವುದಿಲ್ಲ. ಬಾಗಲು ಬಿಟ್ಟರೆ ಎಳೆತ ಸ್ವಲ್ಪ ಕಮ್ಮಿಯಾಗುತ್ತದೆ, ಬಿಡದಿದ್ದರೆ ಒಳಗೇ ಕೂರುತ್ತದೆ. ಇದೇ ರೆಸಿಡ್ಯುಯಲ್ ಸ್ಟ್ರೆಸ್.

ಎಷ್ಟು ಅಂತ ಲೆಕ್ಕ ಹಾಕಿದರೆ ಹೆದರಿಕೆ ಆಗುತ್ತದೆ ಮಾರಾಯ್ರೆ. ಒಂದು ಮೀಟರ್ ಉಕ್ಕಿನ ಸರಳು ಒಂದು ಡಿಗ್ರಿಗೆ 12 ಮೈಕ್ರಾನಿನಷ್ಟು ಕುಗ್ಗುತ್ತದೆ, ಮೈಲ್ಡ್ ಸ್ಟೀಲ್ 250 ಮೆಗಾಪಾಸ್ಕಲ್ ಎಳೆತದ ಹತ್ತಿರ ಯೀಲ್ಡ್ ಆಗುತ್ತದೆ (ಮತ್ತೆ ಮೊದಲಿನ ಉದ್ದಕ್ಕೆ ಬಾರದ ಹಾಗೆ ಹಿಗ್ಗಿಬಿಡುತ್ತದೆ), ಅಂದರೆ ಎರಡೂ ತುದಿ ಅಲುಗದ ಹಾಗೆ ಹಿಡಿದು ಬರೀ 100 ಡಿಗ್ರಿಯಷ್ಟು ತಣಿಸಿದರೆ ಸಾಕು, ಯೀಲ್ಡ್ ಮುಟ್ಟಿಬಿಡುತ್ತದೆ! ವೆಲ್ಡ್ ತಣಿಯುವುದು ಅದರ ಹದಿನೈದು ಪಟ್ಟು. ಹಾಗಾಗಿ ಒಂದು ಕೆಜಿ ಭಾರ ಹಾಕುವ ಮೊದಲೇ ವೆಲ್ಡ್ ತನ್ನ ಮಿತಿಯ ಹತ್ತಿರ ಎಳೆದುಕೊಂಡಿರುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪೂ ಉಂಟಲ್ವಾ, ಬಿಸಿಯಾಗುವ 304 ದರ್ಜೆಯ ಸ್ಟೇನ್‌ಲೆಸ್ ಟ್ಯಾಂಕು, ಪೈಪುಗಳಲ್ಲಿ ಈ ಎಳೆತಕ್ಕೆ ಉಪ್ಪಿನ ಕ್ಲೋರೈಡ್ ಸೇರಿದರೆ ವೆಲ್ಡ್ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಮೆಟಲ್ 3ಡಿ ಪ್ರಿಂಟಿಂಗ್‌ನಲ್ಲೂ ನಡೆಯುವುದು ಇದೇ. ಲೇಸರ್ ಲೋಹದ ಪುಡಿಯನ್ನು 30–50 ಮೈಕ್ರಾನ್ ಪದರವಾಗಿ ಕರಗಿಸುತ್ತದೆ. ಐದು ಸೆಂಟಿಮೀಟರ್ ಎತ್ತರದ ಪಾರ್ಟಿಗೆ ಸಾವಿರ ಪದರಕ್ಕೆ ಕಮ್ಮಿ ಇಲ್ಲ, ಪ್ರತಿಯೊಂದೂ ಕುಗ್ಗುತ್ತಾ ಕೆಳಗಿನದ್ದನ್ನು ಎಳೆಯುತ್ತದೆ. ಒಂದೇ ದಿಕ್ಕಿಗೆ ಎಳೆತ ಸೇರಬಾರದು ಅಂತ ಪದರಕ್ಕೊಮ್ಮೆ ಲೇಸರ್ ಓಡುವ ದಿಕ್ಕನ್ನು, ಹೆಚ್ಚಾಗಿ 67 ಡಿಗ್ರಿ, ತಿರುಗಿಸುತ್ತಾರೆ. ಆದರೂ ಪೂರ್ತಿ ಹೋಗುವುದಿಲ್ಲ. ಪಾರ್ಟನ್ನು ನೆಟ್ಟಗೆ ಹಿಡಿದಿರುವುದು ಕೆಳಗಿನ ಬೇಸ್ ಪ್ಲೇಟು. ಅವಸರದಲ್ಲಿ ವೈರ್‌ಕಟ್ ಮಾಡಿದರೆ (ತಂತಿಯಿಂದ ಕತ್ತರಿಸಿ ಪ್ಲೇಟಿನಿಂದ ಬಿಡಿಸಿದರೆ) ಅಂಚುಗಳು ಮೇಲಕ್ಕೆ ಏಳುತ್ತವೆ. ಪ್ಲೇಟಿನ ಸಮೇತ ಫರ್ನೇಸಿಗೆ ಹಾಕಿ, ಬಿಸಿಯಲ್ಲಿ ಎಳೆತ ಇಳಿಸಿ, ಆಮೇಲೆ ಕತ್ತರಿಸಬೇಕು.

ವೆಲ್ಡ್ ಮಾಡಿದ ಮೆಷಿನ್ ಫ್ರೇಮಿಗೂ ಇದೇ ಕ್ರಮ. ಮೈಲ್ಡ್ ಸ್ಟೀಲಿಗೆ ಸುಮಾರು 600 ಡಿಗ್ರಿ, ದಪ್ಪದ ಪ್ರತಿ 25 ಮಿಲಿಮೀಟರಿಗೆ ಒಂದು ಗಂಟೆ, ನಂತರ ನಿಧಾನ ತಣಿಸುವುದು. ಮಿಲ್ಲಿಂಗ್ (ಮೇಲ್ಮೈ ಕೆತ್ತಿ ಸಮ ಮಾಡುವುದು) ಅದಾದ ಮೇಲೆಯೇ. ಮೊದಲೇ ಮಿಲ್ಲಿಂಗ್ ಮಾಡಿದರೆ, ಕ್ಲಾಂಪ್ ಬಿಚ್ಚಿದ ಕೂಡಲೇ ಫ್ರೇಮು ಸೊಟ್ಟಗಾಗಿ, ಅದನ್ನು ಅಳೆಯುವ ಡಯಲ್ ಗೇಜಿನ ಮುಳ್ಳು ಓಡುತ್ತದೆ.